ಪೇಟೆಂಟ್ ಅಂತ ಹೆದರಿಸಿ ದುಡ್ಡು ಕೇಳಿದರೆ ಕೊಡಬೇಡಿ, ಮೊದಲು ನಂಬರ್ ಕೇಳಿ

ತೋಟದ ಕೆರೆಗೋ, ಹೊಳೆ ದಾಟೋಕೋ, ಮೀನು ಹಿಡಿಯೋಕೋ ಸ್ವಂತಕ್ಕೆ ದೋಣಿ ಇಟ್ಟುಕೊಂಡು, ಅದರ ಸಾಮಾನನ್ನು ತಾವೇ ಮಾಡಿಕೊಳ್ಳುವ ಕೊಡಗಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ವೆಲ್ಡಿಂಗ್ ಶಾಪಿನ ಅಣ್ಣನಿಗೆ ಜನವರಿಯಲ್ಲಿ ಆದ ಅನ್ಯಾಯ ಇನ್ನೊಬ್ಬರಿಗೆ ಆಗಬಾರದು.

ನಮ್ಮ ತೋಟ ಸುಂಟಿಕೊಪ್ಪದ ಹತ್ತಿರ. ರೊಬಸ್ಟಾ ಕಾಫಿ ಜಾಸ್ತಿ. ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆಯನ್ನೇ ನಂಬಿಕೊಂಡು ಕೂರೋ ಹಾಗಿಲ್ಲ, ಫೆಬ್ರವರಿ-ಮಾರ್ಚ್‌ನಲ್ಲಿ ಕೆರೆ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹೊಡೆಯಲೇಬೇಕು. ಆದರೆ ಕೆರೆ ತುಂಬ ಅಂತರಗಂಗೆ ಕಳೆ. ಅದರ ಬೇರು ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಸುತ್ತಿಕೊಂಡರೆ ಪಂಪ್ ನೀರು ಎಳೆಯೋದೇ ಇಲ್ಲ. ಹಾಗಾಗಿ ಪ್ರತಿ ವರ್ಷ ಪಂಪ್ ಇಳಿಸುವ ಮೊದಲು ದೋಣಿಯಲ್ಲಿ ಹೋಗಿ ಕಳೆ ತೆಗೆಸುತ್ತೇವೆ. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಕೊಕ್ಕೆಯಲ್ಲಿ ಎಳೆಯಬೇಕು. ಈಗ ಕೆಲಸಕ್ಕೆ ಒಬ್ಬರು ಸಿಗೋದೇ ಕಷ್ಟ, ಇಬ್ಬರನ್ನು ಎಲ್ಲಿಂದ ತರೋದು?

ಅದಕ್ಕೇ ಕಾಲಲ್ಲಿ ತುಳಿದು ನಡೆಸುವ ಹಾಗೆ ಮಾಡಿಸಿದೆವು. ಹಳೆ ಸೈಕಲ್ಲಿನ ಪೆಡಲ್ ಮತ್ತು ಚೈನ್, ಹಿಂದುಗಡೆ ಅಡ್ಡಕ್ಕೆ ಒಂದು ಶಾಫ್ಟ್, ಅದಕ್ಕೆ ಅಲ್ಯೂಮಿನಿಯಂ ಶೀಟಿನ ರೆಕ್ಕೆಗಳು. ಮೊದಲ ಸಲ ನೀರಿಗಿಳಿಸಿದಾಗ ಬೇರುಗಳು ಶಾಫ್ಟಿಗೆ ಹಗ್ಗದ ಹಾಗೆ ಹೊಸೆದುಕೊಂಡು ನಿಂತುಹೋಯಿತು. ಅಣ್ಣ ಒಂದು ಸಂಜೆ ಕೂತು ಬೇರಿಂಗ್ ಪಕ್ಕದಲ್ಲಿ ಎರಡೂ ಕಡೆ ಓರೆಯಾಗಿ ಒಂದೊಂದು ಬ್ಲೇಡ್ ಬೆಸೆದ. ಶಾಫ್ಟ್ ತಿರುಗಿದಾಗ ಬೇರು ತಾನೇ ಬಂದು ಬ್ಲೇಡಿಗೆ ಸಿಕ್ಕಿ ತುಂಡಾಗುತ್ತಿತ್ತು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನನಗೆ ತುಂಬಾ ಹೆಮ್ಮೆಯಾಯಿತು. ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ವಿಡಿಯೋ ಹಾಕಿದೆ, ಅಣ್ಣನಿಗೆ ನಾಲ್ಕು ಜನ ಗಿರಾಕಿಗಳು ಹೆಚ್ಚಾಗಲಿ ಅಂತ ಅವನ ನಂಬರನ್ನೂ ಕೊಟ್ಟೆ.

ಆಮೇಲೆ ಅವನಿಗೆ ಫೋನ್ ಬಂತು. ಮಾತಾಡಿದವನು ತನ್ನನ್ನು ಪೇಟೆಂಟ್ ಸಲಹೆಗಾರ ಅಂತ ಹೇಳಿಕೊಂಡ. "ನೀವು ಮಾಡಿರೋದು ನಮ್ಮ ಕ್ಲೈಂಟಿನ ಪೇಟೆಂಟ್. ಮನೆ ಬಳಕೆಗೆ ಮಾಡಿದರೂ ಕ್ರೈಂ. ಇವತ್ತು ಲೈಸೆನ್ಸ್ ಫೀಸ್ 40 ಸಾವಿರ ಕಟ್ಟದಿದ್ದರೆ ಎಫ್‌ಐಆರ್ ಆಗುತ್ತೆ, ಶಾಪ್ ಸೀಲ್ ಮಾಡ್ತಾರೆ." ಹಿಂದೆಯೇ ಪಿಡಿಎಫ್ ನೋಟಿಸ್. ಮೇಲೆ ಸೀಲು, ಕೆಳಗೆ ಸಹಿ, ನಡುವೆ ಒಂದು ಉದ್ದದ ನಂಬರ್. ಎಲ್ಲ ಇಂಗ್ಲಿಷಿನಲ್ಲಿ. ಅಣ್ಣ ನನಗೂ ಹೇಳದೆ ಆ ರಾತ್ರಿಯೇ 12 ಸಾವಿರ ಯುಪಿಐ ಮಾಡಿದ. ಬಾಕಿಗೆ ಟೈಮ್ ಕೇಳಿದ್ದಕ್ಕೆ, "ಹಾಗಾದರೆ ಆ ಸಾಮಾನು ನಾಶ ಮಾಡಿ ಫೋಟೋ ಕಳಿಸಿ" ಅಂದರಂತೆ. ಬೆಳಿಗ್ಗೆ ಬಂದವನೇ ಗ್ರೈಂಡರ್ ಹಿಡಿದು ತಾನು ಮಾಡಿದ್ದನ್ನು ತಾನೇ ಕತ್ತರಿಸಿದ. ನಾನು ಕೆರೆ ಹತ್ತಿರ ಹೋಗುವಷ್ಟರಲ್ಲಿ ಶಾಫ್ಟ್ ಮೂರು ತುಂಡಾಗಿತ್ತು. ಆ ಬ್ಲೇಡ್‌ಗಳನ್ನೂ ಬಿಟ್ಟಿರಲಿಲ್ಲ.

ನೋಟಿಸನ್ನು ಮಡಿಕೇರಿಯಲ್ಲಿ ಪರಿಚಯದ ವಕೀಲರಿಗೆ ತೋರಿಸಿದೆವು. ಅವರು ಓದುತ್ತಲೇ ಹೇಳಿದ್ದು: ನಮ್ಮ ದೇಶದಲ್ಲಿ ಪೇಟೆಂಟ್ ಉಲ್ಲಂಘನೆ ಸಿವಿಲ್ ವಿಷಯ. ಅದಕ್ಕೆ ಎಫ್‌ಐಆರ್ ಇಲ್ಲ, ಪೊಲೀಸರು ಬಂದು ಶಾಪಿಗೆ ಬೀಗ ಹಾಕೋದೂ ಇಲ್ಲ. ಪೇಟೆಂಟ್ ಇದ್ದವನು ಜಿಲ್ಲಾ ಕೋರ್ಟ್ ಅಥವಾ ಅದಕ್ಕಿಂತ ಮೇಲಿನ ಕೋರ್ಟಿನಲ್ಲಿ ದಾವೆ ಹಾಕಬೇಕು. ಈ ಒಂದು ಮಾತು ಅಣ್ಣನಿಗೆ ಮೊದಲೇ ಗೊತ್ತಿದ್ದಿದ್ದರೆ ಸಾಕಿತ್ತು.

ಆ ನಂಬರನ್ನು ಅವರೇ ಪೇಟೆಂಟ್ ಆಫೀಸಿನ ಇನ್‌ಪಾಸ್ ಅನ್ನುವ ಸರ್ಕಾರಿ ಹುಡುಕು ಪುಟದಲ್ಲಿ ಹಾಕಿ ತೋರಿಸಿದರು. ಅದಕ್ಕೆ ದುಡ್ಡಿಲ್ಲ, ಮೊಬೈಲಿನಲ್ಲೇ ಆಗುತ್ತೆ. ಅದು ಪೇಟೆಂಟ್ ನಂಬರೇ ಅಲ್ಲ, ಬರೀ ಅರ್ಜಿ ನಂಬರ್. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟ ಆಗುತ್ತೆ. ಆದರೆ ಪರೀಕ್ಷೆ ಮಾಡಿ ಅಂತ ಬೇರೆ ಕೋರಿಕೆ ಕೊಡಬೇಕು, ಕೊಡದಿದ್ದರೆ ಅರ್ಜಿ ವಾಪಸ್ ತೆಗೆದುಕೊಂಡ ಹಾಗೆ ಲೆಕ್ಕ. ಇದು ಹಾಗೆಯೇ ಬಿದ್ದುಹೋಗಿದ್ದ ಅರ್ಜಿ. ಅರ್ಜಿದಾರರ ಹೆಸರಿಗೂ ಫೋನ್ ಮಾಡಿದವನು ಹೇಳಿದ ಕ್ಲೈಂಟಿಗೂ ಸಂಬಂಧವೇ ಇರಲಿಲ್ಲ. ಪೇಟೆಂಟ್ ಮಂಜೂರಾಗುವ ತನಕ ಯಾರೂ ಉಲ್ಲಂಘನೆ ದಾವೆ ಹಾಕೋಕೆ ಆಗಲ್ಲ. ಮಂಜೂರಾದ ಮೇಲೂ ಅರ್ಜಿ ಹಾಕಿದ ದಿನದಿಂದ 20 ವರ್ಷ ಅಷ್ಟೇ, ಅದೂ ನವೀಕರಣ ಫೀಸು ಕಟ್ಟುತ್ತಾ ಬಂದಿದ್ದರೆ. ಅಮೆರಿಕದ್ದೋ ಚೀನಾದ್ದೋ ಪೇಟೆಂಟ್ ತೋರಿಸಿದರೆ ಇಲ್ಲಿ ನಡೆಯಲ್ಲ, ಭಾರತದ್ದೇ ಬೇಕು.

ನಂಬರ್ ಸರಿ ಇದ್ದರೂ ಅಲ್ಲಿಗೇ ನಿಲ್ಲಿಸಬೇಡಿ. ಪೇಟೆಂಟ್ ಪತ್ರದ ಕೊನೆಯಲ್ಲಿ ಕ್ಲೇಮ್ ಅಂತ ಇರುತ್ತೆ, ಹಕ್ಕು ಎಷ್ಟು ಅನ್ನೋದು ಅಲ್ಲಿ ಬರೆದಿರುತ್ತೆ. ಆ ಪತ್ರದಲ್ಲಿರುವ ಚಿತ್ರ ನಿಮ್ಮ ಸಾಮಾನಿನ ಥರಾನೇ ಕಂಡರೆ ಗಾಬರಿಯಾಗಬೇಡಿ, ಕ್ಲೇಮ್‌ನಲ್ಲಿ ಹೇಳಿದ ಭಾಗಗಳೆಲ್ಲ ನಿಮ್ಮದರಲ್ಲಿ ಇವೆಯಾ ನೋಡಿ. ನಮಗೆ ತೋರಿಸಿದ ಅರ್ಜಿಯ ಮೊದಲ ಕ್ಲೇಮ್ ಇದ್ದದ್ದು ಗಾಳಿ ತುಂಬುವ ದೋಣಿಗೆ ಬ್ಯಾಟರಿ ಮೋಟಾರ್ ಕೂರಿಸುವ ಮಡಚುವ ಸ್ಟ್ಯಾಂಡಿನ ಬಗ್ಗೆ. ನಮ್ಮದರಲ್ಲಿ ಮೋಟಾರೂ ಇಲ್ಲ, ಗಾಳಿಯೂ ಇಲ್ಲ!

ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು, ಯಾಕೆಂದರೆ ಇದರಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿದ್ದಾರೆ. "ಮಾರೋದಿಲ್ಲ, ನನ್ನ ಸ್ವಂತಕ್ಕೆ, ಹಾಗಾಗಿ ಪೇಟೆಂಟ್ ನನಗೆ ಅನ್ವಯಿಸಲ್ಲ" ಅನ್ನೋದು ಭಾರತದಲ್ಲಿ ಸರಿಯಲ್ಲ. ಬ್ರಿಟನ್ನಿನ ಕಾನೂನಿನಲ್ಲಿ ಖಾಸಗಿ, ವ್ಯಾಪಾರವಲ್ಲದ ಬಳಕೆಗೆ ವಿನಾಯಿತಿ ಇದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಅಂಥ ಸಾಲು ಇಲ್ಲ. 48ನೇ ಸೆಕ್ಷನ್ ಮಾರೋದನ್ನು ಮಾತ್ರ ಅಲ್ಲ, ಮಾಡೋದನ್ನೂ ಬಳಸೋದನ್ನೂ ತಡೆಯುವ ಹಕ್ಕನ್ನು ಪೇಟೆಂಟ್ ಇದ್ದವನಿಗೆ ಕೊಡುತ್ತೆ. ಪ್ರಯೋಗ, ಸಂಶೋಧನೆ, ವಿದ್ಯಾರ್ಥಿಗಳಿಗೆ ಕಲಿಸೋದಕ್ಕೆ 47ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ಆದರೆ ವರ್ಷಾ ವರ್ಷ ಕೆರೆಯಲ್ಲಿ ಓಡಿಸೋದನ್ನು ಪ್ರಯೋಗ ಅಂತ ಹೇಳೋದು ಕಷ್ಟ. ನಿಜವಾದ ಪೇಟೆಂಟ್ ಇರೋ ಸಾಮಾನನ್ನು ಹಾಗೇ ನಕಲು ಮಾಡುವ ಮೊದಲು ಯೋಚನೆ ಮಾಡಿ. ಪಕ್ಕದ ತೋಟದವರು "ನಮಗೂ ಒಂದು ಮಾಡಿಕೊಡಿ, ದುಡ್ಡು ಕೊಡ್ತೀವಿ" ಅಂದಾಗಲಂತೂ ಹುಡುಕಿ ನೋಡದೆ ಒಪ್ಪಿಕೊಳ್ಳಬೇಡಿ. ಬರೀ ಆಕಾರಕ್ಕೆ ಸಿಗುವ ಡಿಸೈನ್ ನೋಂದಣಿ ಬೇರೆ. ಅದರ ಕಾಯ್ದೆ ಮಾರಾಟಕ್ಕೆ ಅಂತ ಮಾಡೋದನ್ನು ಹಿಡಿಯುತ್ತೆ.

ಪೇಟೆಂಟ್ ಇದೆ ಅಂತ ಗೊತ್ತಿರಲಿಲ್ಲ, ಗೊತ್ತಾಗುವ ಕಾರಣವೂ ಇರಲಿಲ್ಲ ಅಂತ ತೋರಿಸಿದರೆ ಪರಿಹಾರ ಕೊಡಬೇಕಾಗಿಲ್ಲ ಅಂತ 111ನೇ ಸೆಕ್ಷನ್ ಹೇಳುತ್ತೆ. ಸಾಮಾನಿನ ಮೇಲೆ ನಂಬರಿಲ್ಲದೆ "ಪೇಟೆಂಟೆಡ್" ಅಂತ ಒಂದು ಪದ ಇದ್ದರೆ ಅಷ್ಟಕ್ಕೇ ನಿಮಗೆ ಗೊತ್ತಿತ್ತು ಅಂತ ಆಗಲ್ಲ.

ದೋಣಿಯಲ್ಲಿ ನಾವು ಮನೆಯಲ್ಲಿ ಮಾಡಿಕೊಳ್ಳುವ ಬಹುಪಾಲು ಸಾಮಾನು ಹಳೆಯವೇ. ನೇಗಿಲಿನ ಆಕಾರದ ಸಿಕ್ಯೂಆರ್ ಲಂಗರು 1933ರದ್ದು, ಕಂಡುಹಿಡಿದವರು ಭೌತವಿಜ್ಞಾನಿ ಜೆಫ್ರಿ ಟೇಲರ್. ಅದರ ಪೇಟೆಂಟ್ ಮುಗಿದು ಎಷ್ಟೋ ಕಾಲ ಆಯಿತು, ಯಾರು ಬೇಕಾದರೂ ಬೆಸೆದುಕೊಳ್ಳಬಹುದು. ಹೋಬಿ ಅನ್ನುವ ದೋಣಿ ಕಂಪನಿಯ ಮಿರಾಜ್ ಡ್ರೈವ್, ಅದೇ ಕಾಲಲ್ಲಿ ತುಳಿದರೆ ಎರಡು ರೆಕ್ಕೆ ಮೀನಿನ ಥರ ಆಡೋದು, ಬಂದಿದ್ದು 1997ರಲ್ಲಿ. ಮೊದಲಿನದಕ್ಕೆ ಅವಧಿ ಮುಗಿದಿದೆ, ಆದರೆ ಆಮೇಲೆ ಮಾಡಿದ ಸುಧಾರಣೆಗಳಿಗೆ ಬೇರೆ ಪೇಟೆಂಟ್ ಇರಬಹುದು. ಹೊಸ ಮಾಡೆಲ್ ನೋಡಿ ನಕಲು ಮಾಡುವಾಗ ಅದನ್ನು ನೋಡಿಕೊಳ್ಳಿ.

ನೀವು ಏನಾದರೂ ಹೊಸದು ಮಾಡಿದರೆ ತಾರೀಖು ಕಾಣುವ ಹಾಗೆ ಫೋಟೋ, ವಿಡಿಯೋ ಇಟ್ಟುಕೊಳ್ಳಿ. ಅದು ಮೊದಲೇ ನಾಲ್ಕು ಜನಕ್ಕೆ ಗೊತ್ತಿತ್ತು, ಬಳಕೆಯಲ್ಲಿತ್ತು ಅಂತ ತೋರಿಸಿದರೆ, ಮುಂದೆ ಬೇರೆಯವರು ತೆಗೆದುಕೊಂಡ ಪೇಟೆಂಟನ್ನು ರದ್ದು ಮಾಡಿಸಲು ಅದೇ ಆಧಾರ. ನಮ್ಮ ಗ್ರೂಪಿನ ವಿಡಿಯೋವನ್ನು ವಕೀಲರು ಅಳಿಸಬೇಡಿ ಅಂದಿದ್ದೂ ಇದಕ್ಕೇ.

ಆಧಾರವಿಲ್ಲದೆ ಪೇಟೆಂಟ್ ಹೆಸರಲ್ಲಿ ಬೆದರಿಸಿದವರ ಮೇಲೆ ನಾವೇ ದಾವೆ ಹಾಕಬಹುದು, 106ನೇ ಸೆಕ್ಷನ್ ಇರೋದೇ ಅದಕ್ಕೆ. ಬೆದರಿಕೆ ನಿಲ್ಲಿಸೋಕೆ ತಡೆಯಾಜ್ಞೆ, ಆದ ನಷ್ಟಕ್ಕೆ ಪರಿಹಾರ ಎರಡೂ ಕೇಳಬಹುದು. ಆದರೆ ನಮಗೆ ಫೋನ್ ಮಾಡಿದವನ ವಿಳಾಸವೇ ಸಿಗಲಿಲ್ಲ, ನಂಬರ್ ಸ್ವಿಚ್ ಆಫ್. ಸೈಬರ್ ದೂರು ಕೊಟ್ಟಿದ್ದೇವೆ, 12 ಸಾವಿರ ಇನ್ನೂ ವಾಪಸ್ ಬಂದಿಲ್ಲ. ಈ ಸಲ ಮತ್ತೆ ಇಬ್ಬರನ್ನು ಇಟ್ಟುಕೊಂಡೇ ಕಳೆ ತೆಗೆಸಿದೆವು, ಸ್ಪ್ರಿಂಕ್ಲರ್ ತಡವಾಗಿ ಶುರುವಾಯಿತು. ದುಡ್ಡಿಗಿಂತ ನನಗೆ ನೋವಾಗೋದು ಅಣ್ಣನ ವಿಷಯ. ಇನ್ನೊಂದು ಮಾಡೋಣ ಅಂದರೆ "ಬೇಡ ಅಣ್ಣ, ಸುಮ್ನೆ ಯಾಕೆ" ಅಂತಾನೆ. ಅಷ್ಟು ಒಳ್ಳೆ ಕೈ ಅದು.

ನಿಮಗೂ ಇಂಥ ಫೋನ್ ಬಂದರೆ ಪೇಟೆಂಟ್ ನಂಬರನ್ನು ಲಿಖಿತವಾಗಿ ಕೇಳಿ. ಹುಡುಕಿ ನೋಡುವ ತನಕ ದುಡ್ಡು ಹಾಕಬೇಡಿ, ಸಾಮಾನು ಕತ್ತರಿಸಬೇಡಿ. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪಿಡಿಎಫ್, ಕಾಲ್ ಬಂದ ನಂಬರ್, ಯುಪಿಐ ಐಡಿ ಮೂರನ್ನೂ ಹಾಗೇ ಇಟ್ಟುಕೊಳ್ಳಿ. ದೂರಿಗೆ ಅವೇ ಬೇಕು.