ಮೇಲಿನ ಕಾಲುದಾರಿಯೋ, ಕೆಳಗಿನ ಬಂಡೆಗಳೋ?

ಚಳಿಗಾಲದ ಹಿತವಾದ ಬಿಸಿಲಲ್ಲಿ ಕಲ್ಲುಬಂಡೆಗಳ ಕಡಲತೀರಕ್ಕೆ ಹೋದರೆ ನಡೆಯೋಕೆ ಎರಡು ದಾರಿ. ಮೇಲೆ ಅಂಚಿನಲ್ಲಿ ಸಾಗುವ ಕಾಲುದಾರಿ ಒಂದು. ಇನ್ನೊಂದು, ನೀರು ಇಳಿದಾಗ ಕೆಳಗಿಳಿದು ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಹೋಗುವುದು. ಎರಡನ್ನೂ ಸಾಕಷ್ಟು ಸಲ ನಡೆದು ನೋಡಿದ್ದೇನೆ.

ಮೇಲಿನದು ಆರಾಮ. ಜೇಬಲ್ಲಿ ಕೈ ಇಟ್ಟುಕೊಂಡು ಹರಟೆ ಹೊಡೆಯುತ್ತಾ ಹೋಗಬಹುದು, ದೂರದ ತನಕ ಕಡಲು ಕಾಣುತ್ತದೆ. ಆದರೆ ಗಾಳಿಗೆ ಅಡ್ಡ ಏನೂ ಇಲ್ಲ, ಅರ್ಧ ಗಂಟೆಗೆ ಕಿವಿ ತಣ್ಣಗಾಗುತ್ತದೆ.

ಕೆಳಗೆ ಹಾಗಲ್ಲ. ಗಾಳಿಗೆ ಬಂಡೆಯೇ ಗೋಡೆ, ಬಿಸಿಲು ಬಿದ್ದ ಕಡೆ ಕಲ್ಲು ಬೆಚ್ಚಗಿರುತ್ತದೆ. ಮೇಲೆ ಹದಿನೈದು ನಿಮಿಷದ ದೂರಕ್ಕೆ ಇಲ್ಲಿ ಒಂದು ಗಂಟೆ ಬೇಕು, ಯಾಕೆಂದರೆ ಬಂಡೆಗಳ ನಡುವೆ ನೀರು ನಿಂತ ಪ್ರತಿ ಗುಂಡಿಯ ಹತ್ತಿರವೂ ನಿಲ್ಲಲೇಬೇಕು. ತಟ್ಟೆಯಷ್ಟು ಅಗಲದ ನೀರಿನಲ್ಲಿ ಒಂದು ಶಂಖ ನಡೆಯುತ್ತಿತ್ತು. ನನ್ನ ನೆರಳು ಬಿದ್ದದ್ದೇ ತಡ, ನಿಂತುಬಿಟ್ಟಿತು. ಉಸಿರು ಬಿಗಿಹಿಡಿದು ಕೂತೆ. ಮೊದಲು ಎರಡು ಮೀಸೆ, ಆಮೇಲೆ ಒಂದೊಂದೇ ಕಾಲು ಹೊರಗೆ ಬಂತು, ಒಳಗಿದ್ದದ್ದು ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿ!

ಜಾರುವುದು ಮಾತ್ರ ನಿಜ. ಹಸಿರು ಪಾಚಿ ಎಲ್ಲರಿಗೂ ಗೊತ್ತು, ನನ್ನನ್ನು ಬೀಳಿಸಿದ್ದು ಬರೀ ಒದ್ದೆ ಕಲ್ಲಿನ ಹಾಗೆ ಕಾಣುವ ಕಪ್ಪು ಪಟ್ಟಿ. ಕೂತ ಹಾಗೇ ಬಿದ್ದೆ, ಪ್ಯಾಂಟೆಲ್ಲಾ ಉಪ್ಪುನೀರು. ಬಿಳಿ ಬಾರ್ನಕಲ್ (ಬಂಡೆಗೆ ಅಂಟಿಕೊಂಡೇ ಬದುಕುವ, ಗಟ್ಟಿ ಚಿಪ್ಪಿನ ಪುಟ್ಟ ಜೀವಿ) ಹತ್ತಿದ ಕಲ್ಲು ಬೂಟಿಗೆ ಒಳ್ಳೆ ಹಿಡಿತ ಕೊಡುತ್ತದೆ, ಆದರೆ ಕೈ ಊರಿದರೆ ಅಂಗೈ ತರಚಿತು ಅಂತಲೇ ಲೆಕ್ಕ.

ಇನ್ನು ಹೊತ್ತಿನ ವಿಷಯ. ಹೆಚ್ಚಿನ ತೀರಗಳಲ್ಲಿ ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಂದರೆ ಏಳು ದಿನಕ್ಕೆ ಹತ್ತಿರ ಹತ್ತಿರ 6 ಗಂಟೆ! ಹೋದ ಭಾನುವಾರ ಆರಾಮಾಗಿ ನಡೆದಿದ್ದೆನಲ್ಲ ಅಂತ ಈ ಭಾನುವಾರವೂ ಅದೇ ಹೊತ್ತಿಗೆ ಹೋದರೆ, ದಾರಿಯೆಲ್ಲಾ ನೀರಿನಡಿ ಇತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ, ಅಷ್ಟೇ ಜಾಸ್ತಿ ಮೇಲೂ ಬರುತ್ತದೆ.

ನನ್ನ ಓಟು ಕೆಳಗಿನದಕ್ಕೇ. ಇಳಿತಕ್ಕೆ ಎರಡು ಗಂಟೆ ಮುಂಚೆ ಹೊರಡುತ್ತೇನೆ, ಇಳಿಯೋ ಮುಂಚೆ ಹತ್ತು ನಿಮಿಷ ಸುಮ್ನೆ ನಿಂತು ಅಲೆ ನೋಡುತ್ತೇನೆ, ದೊಡ್ಡ ಅಲೆಗಳು ನಡುನಡುವೆ ಗುಂಪಾಗಿ ಬರುತ್ತವಲ್ವಾ. ಜೊತೆಗೆ ಯಾರೂ ಇಲ್ಲದ ದಿನ ಮೇಲಿನ ದಾರಿಯೇ, ಕಿವಿಗೆ ಟೋಪಿ ಎಳೆದುಕೊಂಡು.