ದುಡ್ಡು ಕೊಟ್ಟ ಆಂಟಿವೈರಸ್ಸೋ, ವಿಂಡೋಸ್ ಜೊತೆ ಬಂದ ಡಿಫೆಂಡರೋ: ಗಂಗಾವತಿಯ ಒಂದು ಟ್ಯಾಕ್ಸ್ ಆಫೀಸಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ಗೆ. ಆಫೀಸಿನ ನಾಲ್ಕೂ ಸಿಸ್ಟಂಗೆ ಲೈಸೆನ್ಸ್ ಕೊಂಡು ಹಾಕಿಸಿದ್ದ ಆಂಟಿವೈರಸ್ಸನ್ನು ಅವಧಿ ಮುಗಿಯುವ ಮೊದಲೇ ಕಿತ್ತು ಹಾಕಿದ್ದೇನೆ. ವೈರಸ್ ಹಿಡಿಯುವುದರಲ್ಲಿ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಹಿಡಿಯಬಾರದ್ದನ್ನೂ ಹಿಡಿಯಿತು, ಅದೂ ತಿಂಗಳ 20ನೇ ತಾರೀಖಿಗೆ.

ನಮ್ಮದು ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ಕೆಲಸದ ಸಣ್ಣ ಆಫೀಸು. ಗಿರಾಕಿಗಳಲ್ಲಿ ಹೆಚ್ಚಿನವರು ಇಲ್ಲಿನ ಮತ್ತು ಕಾರಟಗಿಯ ರೈಸ್ ಮಿಲ್ಲಿನವರು, ಒಂದಿಷ್ಟು ಗೊಬ್ಬರದ ಅಂಗಡಿಯವರು. ಬಿಲ್ಲುಗಳು ವಾಟ್ಸಾಪಿನಲ್ಲಿ, ಮೇಲಿನಲ್ಲಿ ಬರುತ್ತವೆ. ಕೆಲವು ಮಿಲ್ಲಿನ ಗುಮಾಸ್ತರು ಈಗಲೂ ಅಂಗಿ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡೇ ಬರುತ್ತಾರೆ. ನಮ್ಮ ಹುಡುಗರು ಪಿಡಿಎಫ್ ಜೋಡಿಸುವ ಸೈಟು, ಫೋಟೋ ಸೈಜ್ ಇಳಿಸುವ ಸೈಟು, ಪ್ರಿಂಟರ್ ಡ್ರೈವರ್ ಅಂತ ದಿನಾ ಏನಾದರೊಂದು ಹುಡುಕುತ್ತಿರುತ್ತಾರೆ. ಕಿಡಿಗೇಡಿ ಸೈಟುಗಳು ಕಾಯುತ್ತಿರುವುದೂ ಇಂಥ ಹುಡುಕಾಟಕ್ಕೇ.

ಹೋಲಿಸಿ ನೋಡಿದ್ದು ಮೂರು: ದುಡ್ಡು ಕೊಟ್ಟು ತಂದದ್ದು, ಫ್ರೀ ಸಿಗುವ ಒಂದು, ಮತ್ತು ಡಿಫೆಂಡರ್. ಮೊದಲೆರಡರ ಹೆಸರು ಬೇಡ.

ಹಿಡಿಯುವ ಶಕ್ತಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಐಕಾರ್ ಅಂತ 68 ಅಕ್ಷರಗಳ ಪರೀಕ್ಷಾ ಫೈಲು ಇದೆ. ಅದರಿಂದ ಏನೂ ಹಾನಿಯಿಲ್ಲ, ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ ಎಂದೇ ಗುರುತಿಸುವಂತೆ ಮಾಡಿಟ್ಟಿದ್ದಾರೆ. ಮೂರರಲ್ಲೂ ಇಳಿಸಿ ನೋಡಿದೆ, ಮೂರೂ ಹಿಡಿದವು. ಇದರಿಂದ ಕಾವಲು ಎಚ್ಚರ ಇದೆ ಅಂತಷ್ಟೇ ಗೊತ್ತಾಗುತ್ತದೆ, ಹೊಸ ವೈರಸ್ ಬಂದರೆ ಯಾವುದು ಮೇಲು ಅಂತ ಗೊತ್ತಾಗುವುದಿಲ್ಲ.

ಈಗ 20ನೇ ತಾರೀಖಿನ ಕಥೆ. ಅಂದು ತಿಂಗಳ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕಡೇ ದಿನ. ಸ್ವಂತ ಹೆಸರಿನ ಅಂಗಡಿಯವರು, ಪಾಲುದಾರಿಕೆಯವರು ಓಟಿಪಿ ಒತ್ತಿ ರಿಟರ್ನ್ ಮುಗಿಸಬಹುದು. ಪ್ರೈವೇಟ್ ಲಿಮಿಟೆಡ್ ಮತ್ತು ಎಲ್‌ಎಲ್‌ಪಿಗಳಿಗೆ ಡಿಜಿಟಲ್ ಸಹಿ, ಅಂದರೆ ಪೆನ್‌ಡ್ರೈವಿನಂಥ ಡಿಎಸ್‌ಸಿ ಟೋಕನ್ ಬೇಕೇ ಬೇಕು. ಟೋಕನ್ ಚುಚ್ಚಿ, ಸಹಿ ಹಾಕಿಸುವ ಸಣ್ಣ ಪ್ರೋಗ್ರಾಂ ಇಎಂಸೈನರ್ ಓಡಿಸಿದರೆ ಜಿಎಸ್‌ಟಿ ಪೋರ್ಟಲ್ ಪುಟ ನಮ್ಮದೇ ಕಂಪ್ಯೂಟರಿನ 127.0.0.1 ವಿಳಾಸದಲ್ಲಿ ಅದರ ಜೊತೆ ಮಾತಾಡಿ ಸಹಿ ತರುತ್ತದೆ. ದುಡ್ಡಿನ ಆಂಟಿವೈರಸ್ ಹಾಕಿದ ಮೇಲೆ ಆ ಮಾತುಕತೆಯೇ ನಿಂತುಹೋಯಿತು. ಸರ್ವರ್‌ಗೆ ಕನೆಕ್ಷನ್ ಸಿಗುತ್ತಿಲ್ಲ, ಇಎಂಸೈನರ್ ರಿಸ್ಟಾರ್ಟ್ ಮಾಡಿ ಅನ್ನುವ ಪೆಟ್ಟಿಗೆಯೊಂದೇ ಮತ್ತೆ ಮತ್ತೆ. ಹುಡುಗ ಬಂದು, "ಸರ್, ಸಹಿ ಹೊಂಟಿಲ್ರೀ. ಸಾವ್ಕಾರ್ರು ಎರಡ್ ಸಲ ಫೋನ್ ಮಾಡ್ಯಾರ" ಅಂದ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ. ಸಾವುಕಾರರಿಗೆ ದುಡ್ಡಿಗಿಂತ ತಡವಾಯಿತು ಅನ್ನುವ ಮಾತೇ ದೊಡ್ಡದು.

ಟೋಕನ್ ಬೇರೆ ಪೋರ್ಟಿಗೆ ಹಾಕಿ ನೋಡಿದೆವು, ಇಎಂಸೈನರ್ ತೆಗೆದು ಹೊಸದಾಗಿ ಹಾಕಿದೆವು, ಬ್ರೌಸರ್ ಬದಲಿಸಿದೆವು. ಟೋಕನ್ ಕೊಟ್ಟವರು ಬ್ರೌಸರ್ ಕಡೆ ಬೊಟ್ಟು ಮಾಡಿದರು, ಆಂಟಿವೈರಸ್ ಕಂಪನಿಯ ಸಹಾಯವಾಣಿಯವರು ಟೋಕನ್ ಕಡೆ. ಕೊನೆಗೆ ಆಂಟಿವೈರಸ್ಸಿನ ವೆಬ್ ರಕ್ಷಣೆಯ ಸ್ವಿಚ್ ಆಫ್ ಮಾಡಿದ್ದೇ ತಡ, ಪಿನ್ ಕೇಳುವ ಪೆಟ್ಟಿಗೆ ತಟ್ಟನೆ ಎದ್ದು ನಿಂತಿತು.

ಕಾರಣ ಇಷ್ಟು. ಈಗಿನ ಸೈಟುಗಳೆಲ್ಲ ಬಹುಪಾಲು ಎಚ್‌ಟಿಟಿಪಿಎಸ್, ಬ್ರೌಸರ್‌ಗೂ ಸೈಟಿಗೂ ನಡುವೆ ಹರಿಯುವುದೆಲ್ಲ ಗುಪ್ತಲಿಪಿ. ಅದರೊಳಗೆ ಇಣುಕಲಿಕ್ಕೆ ಇಂಥ ಆಂಟಿವೈರಸ್‌ಗಳು ತಮ್ಮದೊಂದು ರೂಟ್ ಸರ್ಟಿಫಿಕೇಟನ್ನು (ಕಂಪ್ಯೂಟರ್ ಕಣ್ಣುಮುಚ್ಚಿ ನಂಬುವ ಗುರುತಿನ ಪತ್ರ) ವಿಂಡೋಸ್‌ಗೆ ಸೇರಿಸಿ, ಮಧ್ಯದಲ್ಲಿ ಕೂತುಬಿಡುತ್ತವೆ. ಸೈಟು ಕಳಿಸಿದ್ದನ್ನು ಬಿಚ್ಚಿ ನೋಡಿ, ತಮ್ಮ ಮೊಹರು ಹಾಕಿ ಬ್ರೌಸರ್‌ಗೆ ದಾಟಿಸುತ್ತವೆ. ಅಂಚೆಯಣ್ಣ ಲಕೋಟೆ ಒಡೆದು ಓದಿ ಮತ್ತೆ ಅಂಟಿಸಿ ಕೊಟ್ಟ ಹಾಗೆ. ನಿಮ್ಮಲ್ಲೂ ಹೀಗಿದೆಯಾ ನೋಡಬೇಕೆಂದರೆ ಬ್ರೌಸರಿನಲ್ಲಿ ವಿಳಾಸದ ಎಡಗಡೆಯ ಚಿಹ್ನೆ ಒತ್ತಿ, ಸರ್ಟಿಫಿಕೇಟ್ ತೆರೆದು, 'ಇಶ್ಯೂಡ್ ಬೈ' ಅನ್ನುವ ಸಾಲು ಓದಿ. ಅಲ್ಲಿ ಆಂಟಿವೈರಸ್ ಕಂಪನಿಯ ಹೆಸರಿದ್ದರೆ ಅದು ನಡುವೆ ಕೂತಿದೆ ಅಂತಲೇ ಅರ್ಥ. ಇಎಂಸೈನರ್‌ನ ಸರ್ಟಿಫಿಕೇಟು ನಮ್ಮ ಮಷೀನಿನ ಒಳಗಿನದು, ಹೊರಗಿನ ಯಾರೂ ದೃಢೀಕರಿಸಿದ್ದಲ್ಲ. ನಮ್ಮ ಆಂಟಿವೈರಸ್ ಅದನ್ನು ನಂಬದೆ ದಾರಿ ಕಡಿದು ಹಾಕುತ್ತಿತ್ತು.

ವಿನಾಯಿತಿ ಪಟ್ಟಿಗೆ ಆ ವಿಳಾಸ ಸೇರಿಸಿದೆ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಪಟ್ಟಿ ಖಾಲಿ. ಆಮೇಲೆ ಹುಡುಗರು ತಮ್ಮದೇ ದಾರಿ ಕಂಡುಕೊಂಡರು: 20ನೇ ತಾರೀಖು ಬೆಳಿಗ್ಗೆ ಬಂದವರೇ ವೆಬ್ ರಕ್ಷಣೆ ಆಫ್, ಮತ್ತೆ ಆನ್ ಮಾಡುವ ನೆನಪು ಯಾರಿಗೂ ಇಲ್ಲ. ಕಂಡಕಂಡವರ ಫೈಲು ಬಂದು ಬೀಳುವ ದಿನವೇ ಕಾವಲು ಬಂದ್! ಇದಕ್ಕೆ ನಾನ್ಯಾಕೆ ವರ್ಷಾ ವರ್ಷಾ ದುಡ್ಡು ಕಟ್ಟಲಿ?

ಡಿಫೆಂಡರ್‌ಗೆ ಈ ತಾಪತ್ರಯ ಇಲ್ಲ, ಯಾಕೆಂದರೆ ಅದು ಹೀಗೆ ನಡುವೆ ಕೂರುವುದೇ ಇಲ್ಲ. ಎಡ್ಜ್ ಬ್ರೌಸರಿನಲ್ಲಿ ಸ್ಮಾರ್ಟ್‌ಸ್ಕ್ರೀನ್ ಅನ್ನುವ ಮೈಕ್ರೋಸಾಫ್ಟಿನ ಕಾವಲು ಪುಟದ ವಿಳಾಸವನ್ನು ಅಪಾಯಕಾರಿ ಸೈಟುಗಳ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಆ ಕೆಲಸ ಗೂಗಲ್‌ನ ಸೇಫ್ ಬ್ರೌಸಿಂಗ್‌ದು. ಇಳಿಸಿದ ಫೈಲು ಡಿಸ್ಕಿಗೆ ಬಿದ್ದಾಗ ಡಿಫೆಂಡರ್ ಪರೀಕ್ಷೆ ಮಾಡುತ್ತದೆ. ಜೊತೆಗೆ ಬ್ರೌಸರ್ ಆ ಫೈಲಿಗೆ 'ಇಂಟರ್‌ನೆಟ್‌ನಿಂದ ಬಂದದ್ದು' ಅನ್ನುವ ಗುರುತು ಹಚ್ಚಿರುತ್ತದೆ. ಆ ಗುರುತು ನೋಡಿಯೇ ಸ್ಮಾರ್ಟ್‌ಸ್ಕ್ರೀನ್ ಅಪರಿಚಿತ ಇನ್‌ಸ್ಟಾಲರನ್ನು ತಡೆದು ನಿಲ್ಲಿಸುವುದು, ಎಕ್ಸೆಲ್ ತನ್ನ ಫೈಲಿನೊಳಗಿನ ಮ್ಯಾಕ್ರೋ, ಅಂದರೆ ಪುಟ್ಟ ಪ್ರೋಗ್ರಾಂ, ಓಡಲು ಬಿಡದಿರುವುದು. ಮೈಕ್ರೋಸಾಫ್ಟ್ ಈ ಮ್ಯಾಕ್ರೋ ತಡೆಯನ್ನು ತಾನಾಗೇ ಆನ್ ಇರುವಂತೆ ಮಾಡಿದ್ದು 2022ರಲ್ಲಿ. ಬಿಲ್ ಪಟ್ಟಿಗಳೆಲ್ಲ ಎಕ್ಸೆಲ್‌ನಲ್ಲೇ ಬರುವ ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಆದರೆ ಗುಮಾಸ್ತರ ಪೆನ್‌ಡ್ರೈವ್ ಇದೆಯಲ್ಲ, ಅಲ್ಲಿ ಈ ಗುರುತು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಪೆನ್‌ಡ್ರೈವ್‌ಗಳು ಫ್ಯಾಟ್32 ಇಲ್ಲವೇ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನಲ್ಲಿರುತ್ತವೆ. ಅದಕ್ಕೆ ಕಾಪಿ ಮಾಡಿದರೆ ಫೈಲು ಎಲ್ಲಿಂದ ಬಂತು ಅನ್ನುವ ಚೀಟಿ ಕಳಚಿ ಬೀಳುತ್ತದೆ. ಆಗ ಉಳಿಯುವುದು ವೈರಸ್ ಸ್ಕ್ಯಾನ್ ಮಾತ್ರ. ಅದಕ್ಕೇ ನಮ್ಮಲ್ಲಿ ಪೆನ್‌ಡ್ರೈವ್ ಬಂದರೆ ಬಲಗಡೆ ಕ್ಲಿಕ್ ಮಾಡಿ ಸ್ಕ್ಯಾನ್ ಆದ ಮೇಲೆಯೇ ತೆರೆಯಬೇಕು ಅಂತ ಕಟ್ಟಪ್ಪಣೆ.

ಫ್ರೀ ಆಂಟಿವೈರಸ್ ಬಗ್ಗೆ: ಕೆಲಸ ಮಾಡುತ್ತದೆ, ಆದರೆ ಬಾಯಿ ಜಾಸ್ತಿ. ಮೂಲೆಯಲ್ಲಿ ಕೆಂಪು ಪೆಟ್ಟಿಗೆ ಏಳಿಸಿ ನಿಮ್ಮ ಸಿಸ್ಟಂ ಅಪಾಯದಲ್ಲಿದೆ, ಅಪ್‌ಗ್ರೇಡ್ ಮಾಡಿ ಅಂತ ಕೂಗುತ್ತಲೇ ಇರುತ್ತದೆ. ಎದುರು ಕೂತಿದ್ದ ಮಿಲ್ಲಿನವರೊಬ್ಬರು ಅದನ್ನು ಓದಿ, "ಏನ್ರೀ, ನಿಮ್ ಕಂಪ್ಯೂಟರ್‌ಗೇ ರೋಗ ಬಂದೈತಿ, ನಮ್ ಪಾಸ್‌ವರ್ಡ್ ಇದರಾಗ ಇಡ್ತೀರೇನು?" ಅಂದರು. ಅವತ್ತೇ ತೆಗೆದೆ. ಬಹಳಷ್ಟು ಫ್ರೀ ಆವೃತ್ತಿಗಳ ಷರತ್ತಿನಲ್ಲಿ ಮನೆ ಬಳಕೆಗೆ ಮಾತ್ರ ಅಂತಲೂ ಇರುತ್ತದೆ, ಆಫೀಸಿನವರು ಓದಿಕೊಳ್ಳಿ. ಅಮೆರಿಕದ ಗ್ರಾಹಕ ರಕ್ಷಣೆಯ ಸಂಸ್ಥೆ ಎಫ್‌ಟಿಸಿ 2024ರಲ್ಲಿ ಆಂಟಿವೈರಸ್ ಮಾಡುವ ಅವಾಸ್ಟ್ ಕಂಪನಿಯ ಮೇಲೆ ಕ್ರಮ ಕೈಗೊಂಡು 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಬಳಕೆದಾರರು ಯಾವ ಯಾವ ಸೈಟು ನೋಡಿದರು ಅನ್ನುವ ಮಾಹಿತಿಯನ್ನು ಮಾರಿದ ಆರೋಪ ಅದು. ನಾನು ಹಾಕಿದ್ದು ಆ ಕಂಪನಿಯದ್ದಲ್ಲ. ಆದರೂ ಗಿರಾಕಿಗಳ ಲೆಕ್ಕ ಇಟ್ಟುಕೊಳ್ಳುವವನು ಇಂಥದ್ದನ್ನು ಓದಿದ ಮೇಲೆ ಫ್ರೀ ಅಂದರೆ ಹಿಂದೆ ಮುಂದೆ ನೋಡುತ್ತಾನೆ.

ವೇಗ: 4 ಜಿಬಿ ರ‍್ಯಾಮಿನ ಹಳೇ ಸಿಸ್ಟಂನಲ್ಲಿ ದುಡ್ಡಿನದು ಹಾಕಿದ ಮೇಲೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಡಿಫೆಂಡರ್ ಇದ್ದಾಗ ಅರ್ಧ ಚಹಾ.

ಡಿಫೆಂಡರ್ ಒಂದನ್ನೇ ನಂಬಿ ಕೂತಿಲ್ಲ. ಎರಡು ಸಂಗತಿ ಸೇರಿಸಿದ್ದೇನೆ, ಎರಡಕ್ಕೂ ಖರ್ಚಿಲ್ಲ. ಮೊದಲನೆಯದು, ಫೈರ್‌ಫಾಕ್ಸ್‌ನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಪ್ರಿಂಟರ್ ಡ್ರೈವರ್ ಹುಡುಕಿದರೆ ಮೊದಲು ಕಾಣುವುದು ಜಾಹೀರಾತು, ಅದರ ಪುಟದಲ್ಲಿ ಹಸಿರು ಬಣ್ಣದ ಡೌನ್‌ಲೋಡ್ ಗುಂಡಿ ಒಂದಲ್ಲ ನಾಲ್ಕು. ಅಸಲಿ ಲಿಂಕು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಜಾಹೀರಾತೇ ಕಾಣದಿದ್ದರೆ ಒತ್ತುವ ಮಾತೇ ಇಲ್ಲ. ನಕಲಿ ಜಾಹೀರಾತುಗಳ ಹಾವಳಿ ನೋಡಿ ಎಫ್‌ಬಿಐ ಕೂಡ 2022ರ ಡಿಸೆಂಬರಿನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಅಂತ ಜನರಿಗೆ ಹೇಳಿತ್ತು. ಎರಡನೆಯದು, ರೌಟರಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ ಕ್ವಾಡ್9 ಅನ್ನುವ ಸೇವೆಯ 9.9.9.9. ಕುಖ್ಯಾತ ವಿಳಾಸಗಳನ್ನು ಅದು ತೆರೆಯಲಿಕ್ಕೇ ಬಿಡುವುದಿಲ್ಲ, ವೈಫೈಗೆ ಸೇರಿದ ಮೊಬೈಲುಗಳಿಗೂ ಅದೇ ಕಾವಲು. ಗೂಗಲ್ ಡ್ರೈವ್‌ನಂಥ ಒಳ್ಳೇ ವಿಳಾಸದಲ್ಲಿ ಯಾರೋ ಕೆಟ್ಟ ಫೈಲು ಇಟ್ಟಿದ್ದರೆ ಮಾತ್ರ ಡಿಎನ್‌ಎಸ್ ಏನೂ ಮಾಡಲಾರದು.

'ನೀವು ರೋಬೋಟ್ ಅಲ್ಲ ಅಂತ ತೋರಿಸಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ' ಅನ್ನುವ ಪುಟ ಬಂದರೆ ಮೇಲಿನ ಯಾವ ಕಾವಲನ್ನೂ ನಂಬಿ ಕೂರಬೇಡಿ. ಅಲ್ಲಿ ಕಮಾಂಡ್ ಓಡಿಸುವವರು ನೀವೇ. ಪುಟ ಮುಚ್ಚಿ ಹೊರಬನ್ನಿ.

ಡಿಎಸ್‌ಸಿ ಗೊಡವೆ ಇಲ್ಲದವರು, ಮನೆಯಲ್ಲಿ ಮಕ್ಕಳ ಕೈಗೆ ಕಂಪ್ಯೂಟರ್ ಕೊಡುವವರು, ಹತ್ತಾರು ಸಿಸ್ಟಂಗಳನ್ನು ಒಂದೇ ಕಡೆ ಕೂತು ನೋಡಬೇಕಾದವರು ದುಡ್ಡಿನದನ್ನೇ ಕೊಳ್ಳಲಿ, ನನ್ನ ತಕರಾರಿಲ್ಲ. ಇನ್ನೂ ವಿಂಡೋಸ್ 10ರಲ್ಲೇ ಇರುವವರು ಮಾತ್ರ ಆಂಟಿವೈರಸ್ ಚರ್ಚೆ ಪಕ್ಕಕ್ಕಿಟ್ಟು ಮೊದಲು ಅದನ್ನು ನೋಡಿಕೊಳ್ಳಿ. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಲೈಸೆನ್ಸಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ಬ್ಯಾಕಪ್‌ಗೆ ಹೊರಗಿನ ಹಾರ್ಡ್‌ಡಿಸ್ಕ್ ತಂದಿದ್ದೇನೆ. ಡಿಫೆಂಡರಿನ ಸೆಟ್ಟಿಂಗಿನಲ್ಲಿ ರ‍್ಯಾನ್ಸಮ್‌ವೇರ್ ರಕ್ಷಣೆ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸಿನಿಂದ ಕಾವಲು) ಅನ್ನುವ ಜಾಗದಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಇದೆ. ಅನುಮತಿ ಇಲ್ಲದ ಪ್ರೋಗ್ರಾಂ ಫೋಲ್ಡರಿನ ಫೈಲು ಬದಲಿಸದಂತೆ ತಡೆಯುವುದು ಅದರ ಕೆಲಸ, ಆದರೆ ಅದು ತಾನಾಗೇ ಆನ್ ಇರುವುದಿಲ್ಲ. ಆನ್ ಮಾಡಿ ಟ್ಯಾಲಿ ಡೇಟಾ ಫೋಲ್ಡರ್ ಸೇರಿಸಿ. ಟ್ಯಾಲಿಯನ್ನೂ ಅನುಮತಿ ಪಟ್ಟಿಗೆ ಹಾಕಿಬಿಡಿ, ಇಲ್ಲದಿದ್ದರೆ ಎಂಟ್ರಿ ಸೇವ್ ಆಗದೆ ಹುಡುಗರು ಮತ್ತೆ ಆಫ್ ಸ್ವಿಚ್ ಹುಡುಕಿಕೊಂಡು ಹೋಗುತ್ತಾರೆ.