ಕೊಳಗದಿಂದ ತಕ್ಕಡಿಗೆ: ಡರ್ಬಿಶೈರ್‌ನ ಸೀಸದ ದಾರಿಯ ಪ್ರವಾಸವೊಂದರ ವಿಮರ್ಶೆ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಹಳೆಯ ಸೀಸದ ಗಣಿಗಳನ್ನು ತೋರಿಸುವ ಪ್ರವಾಸಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ತಲೆಗೊಂದು ಗಟ್ಟಿ ಟೋಪಿ ಹಾಕಿಸಿ, ಬೆನ್ನು ಬಗ್ಗಿಸಿ ಸುರಂಗದೊಳಗೆ ನಡೆಸಿ, ದೀಪ ಆರಿಸಿ ಎರಡು ನಿಮಿಷ ಕತ್ತಲನ್ನು ತೋರಿಸಿ, ಗಣಿಗಾರನ ಬದುಕು ಎಷ್ಟು ಕಷ್ಟದ್ದಾಗಿತ್ತು ಎಂದು ಹೇಳಿ ಕಳಿಸಿಕೊಡುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ; ಆದರೆ ಅಗೆದು ತೆಗೆದ ಅದಿರನ್ನು ಯಾರು ಕೊಂಡರು, ಯಾವ ಅಳತೆಯಲ್ಲಿ ಕೊಂಡರು, ಹಣವನ್ನು ಯಾವಾಗ ಕೊಟ್ಟರು ಎಂಬ ಪ್ರಶ್ನೆಗಳನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಹಾಗಾಗಿ, 16ರಿಂದ 18ನೆಯ ಶತಮಾನದವರೆಗಿನ ಗಣಿಮಾಲೀಕರು ಮತ್ತು ವರ್ತಕರ ವ್ಯವಹಾರವನ್ನೇ ಮುಖ್ಯ ವಿಷಯವಾಗಿ ಇಟ್ಟುಕೊಂಡು, ವರ್ಕ್ಸ್‌ವರ್ತ್ ಪಟ್ಟಣದಿಂದ ಬಾಟ್ರಿಯ ದೋಣಿಕಟ್ಟೆಯವರೆಗೆ ಸೀಸ ಸಾಗಿದ ದಾರಿಯಲ್ಲೇ ಕರೆದೊಯ್ಯುವುದಾಗಿ ಹೇಳಿದ ಒಂದು ಸಣ್ಣ ಖಾಸಗಿ ಸಂಸ್ಥೆಯ ಒಂದು ದಿನದ ಪ್ರವಾಸಕ್ಕೆ ನಾನು ಹಣ ಕಟ್ಟಿದೆ. ಮುಂದೆ ಕೆಲವು ದೂರುಗಳನ್ನು ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದು ವ್ಯಾನು, ಎಂಟು ಮಂದಿ ಪ್ರವಾಸಿಗರು, ಒಬ್ಬ ಮಾರ್ಗದರ್ಶಿ. ತಲೆಗೆ 70 ಪೌಂಡು, ಊಟದ ಖರ್ಚು ನಮ್ಮದೇ.

ಬೆಳಗಿನ ಮೊದಲ ನಿಲುಗಡೆ ವರ್ಕ್ಸ್‌ವರ್ತ್‌ನ ಮೂಟ್ ಹಾಲ್. 1814ರಲ್ಲಿ ಕಟ್ಟಿದ ಈ ಸಣ್ಣ ಕಟ್ಟಡದಲ್ಲಿ ಬಾರ್ಮೋಟ್ ಎಂಬ ಗಣಿ ನ್ಯಾಯಾಲಯ ಇಂದಿಗೂ ಸೇರುತ್ತದೆ. ಸಂಸ್ಥೆಯವರು ಮೊದಲೇ ಅನುಮತಿ ಪಡೆದಿದ್ದರಿಂದ ನಮಗೆ ಒಳಗೆ ಹೋಗಿ, ಈ ಪ್ರವಾಸದ ಅತ್ಯಂತ ಬೆಲೆಬಾಳುವ ವಸ್ತುವನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು. ಅದು ಅದಿರು ಅಳೆಯುವ ಲೋಹದ ಪಾತ್ರೆ. ಅದನ್ನು 'ಡಿಶ್' ಎನ್ನುತ್ತಾರಾದರೂ ತಟ್ಟೆಗಿಂತ ಅದು ಉದ್ದನೆಯ ತೊಟ್ಟಿಯನ್ನು ಹೋಲುತ್ತದೆ, ಮಾಡುವ ಕೆಲಸವೋ ನಮ್ಮ ಕೊಳಗದ್ದು. ಸುಮಾರು 14 ಪಿಂಟ್ ಹಿಡಿಯುತ್ತದೆ. ಎಂಟನೆಯ ಹೆನ್ರಿಯ ಆಳ್ವಿಕೆಯ ನಾಲ್ಕನೆಯ ವರ್ಷದಲ್ಲಿ ಇದನ್ನು ಮಾಡಿಸಿದರು ಎಂದು ಅದರ ಮೇಲೆಯೇ ಕೆತ್ತಿದ್ದಾರೆ. ವರ್ತಕರಾಗಲಿ ಗಣಿಗಾರರಾಗಲಿ ಯಾವ ಹೊತ್ತಿನಲ್ಲಿ ಬಂದರೂ ತಮ್ಮ ಅಳತೆಯನ್ನು ಇದರೊಡನೆ ತಾಳೆ ನೋಡಿಕೊಳ್ಳಲು ಅನುಕೂಲವಾಗುವಂತೆ ಈ ಪಾತ್ರೆ ಮೂಟ್ ಹಾಲ್‌ನಲ್ಲಿ ಸರಪಳಿಯಿಂದ ತೂಗಿರಬೇಕು ಎಂಬ ಆಜ್ಞೆಯೂ ಅದೇ ಬರಹದಲ್ಲಿದೆ. ಅಕ್ಷರಗಳ ಅಂಚು ಸವೆದಿದೆ. ಆದರೂ ಒಂದೊಂದೇ ಪದದ ಮೇಲೆ ಬೆರಳು ತೋರಿಸುತ್ತಾ ಮಾರ್ಗದರ್ಶಿ ಓದಿದಾಗ, ಸರಪಳಿ ಬೇಕಾಯಿತು ಎಂದರೆ ಅಳತೆಯ ಬಗ್ಗೆ ಜಗಳ ಎಷ್ಟಿದ್ದಿರಬೇಕು ಎಂಬುದು ತಾನಾಗಿಯೇ ತಿಳಿಯಿತು.

ಅಲ್ಲಿಯೇ ನಿಂತು ಆತ ಗಣಿಯ ಕಟ್ಟಳೆಗಳನ್ನು ವಿವರಿಸಿದ ರೀತಿ ಮೆಚ್ಚುವಂಥದ್ದು. ರಾಜನ ಹೊಲ ಎಂದು ಕರೆಯುತ್ತಿದ್ದ ಈ ಪ್ರದೇಶದಲ್ಲಿ ಯಾರು ಬೇಕಾದರೂ ಸೀಸದ ಎಳೆಯನ್ನು ಹುಡುಕಬಹುದಾಗಿತ್ತು. ಸಿಕ್ಕರೆ ಬಾರ್ಮಾಸ್ಟರ್ ಎಂಬ ಅಧಿಕಾರಿ ಅವನ ಹೆಸರಿಗೆ ನೆಲವನ್ನು ಅಳೆದುಕೊಡುತ್ತಿದ್ದ. ತೆಗೆದ ಅದಿರಿನ ಪ್ರತಿ 13ನೆಯ ಡಿಶ್ ರಾಜನಿಗೆ ಅಥವಾ ಅವನಿಂದ ಗುತ್ತಿಗೆ ಪಡೆದವನಿಗೆ ಸೇರಬೇಕಾದ ಪಾಲು. ಅದರ ಮೇಲೆ, ಒಂಬತ್ತು ಡಿಶ್‌ಗಳ ಒಂದು ಹೊರೆಗೆ 6 ಪೆನ್ಸ್‌ನಂತೆ 'ಕೋಪ್' ಎಂಬ ಸುಂಕವಿತ್ತು; ಇದನ್ನು ಸಾಮಾನ್ಯವಾಗಿ ಅದಿರು ಕೊಳ್ಳುವ ವರ್ತಕನೇ ತೆರುತ್ತಿದ್ದ. ಗಣಿಯನ್ನು ಹಿಡಿದುಕೊಂಡು ಸುಮ್ಮನೆ ಕೂರುವಂತೆಯೂ ಇರಲಿಲ್ಲ. ಕೆಲಸ ನಿಂತಿದ್ದರೆ ಬಾರ್ಮಾಸ್ಟರ್ ಬಂದು ಗಣಿಬಾಯಿಯ ಮೇಲಿನ ಮರದ ರಾಟೆಯಲ್ಲಿ ಒಂದು ಗುರುತು ಕೊಯ್ಯುತ್ತಿದ್ದ, ಮೂರು ವಾರ ಬಿಟ್ಟು ಇನ್ನೊಂದು. ಹೀಗೆ ಒಂಬತ್ತು ವಾರ ಕಳೆದು ಮೂರು ಗುರುತಾದರೆ ಗಣಿಯನ್ನು ಬೇರೆಯವನು ಕೇಳಿ ಪಡೆಯಬಹುದಾಗಿತ್ತು. ಕಾಗದಪತ್ರವಿಲ್ಲದೆ ಚಾಕುವಿನಿಂದಲೇ ನೋಟಿಸು ಕೊಡುವ ಈ ಪದ್ಧತಿಯನ್ನು ಮಾರ್ಗದರ್ಶಿ ಒಂದು ಕಟ್ಟಿಗೆಯ ತುಂಡಿನ ಮೇಲೆ ಮಾಡಿಯೇ ತೋರಿಸಿದ. ನಮ್ಮ ಗುಂಪಿನ ಮಕ್ಕಳಿಗೆ ಇಡೀ ದಿನದಲ್ಲಿ ನೆನಪುಳಿದದ್ದು ಬಹುಶಃ ಅದೊಂದೇ.

ಪಟ್ಟಣದ ಸೇಂಟ್ ಮೇರಿ ಚರ್ಚಿನ ಗೋಡೆಯಲ್ಲಿ ಪಿಕಾಸಿಯನ್ನೂ ಬುಟ್ಟಿಯನ್ನೂ ಹಿಡಿದ ಗಣಿಗಾರನ ಸಣ್ಣ ಉಬ್ಬುಶಿಲ್ಪವಿದೆ. ಪಕ್ಕದ ಬಾನ್ಸಲ್ ಹಳ್ಳಿಯಿಂದ ತಂದು ಕೂರಿಸಿದ್ದು. ನೋಡಲು ಹತ್ತು ನಿಮಿಷ ಸಾಕು, ಕೊಟ್ಟದ್ದೂ ಅಷ್ಟೇ.

ಅಲ್ಲಿಂದ ವ್ಯಾನು ಈಶಾನ್ಯಕ್ಕೆ ತಿರುಗಿ ಚೆಸ್ಟರ್‌ಫೀಲ್ಡ್‌ನ ದಿಕ್ಕಿಗೆ ಹೊರಟಿತು. ದಾರಿಯಲ್ಲಿ ಸ್ಟೋನ್ ಎಡ್ಜ್ ಎಂಬಲ್ಲಿ, 18ನೆಯ ಶತಮಾನದ ಕರಗಿಸುವ ಕುಲುಮೆಯೊಂದರ ಚೌಕಾಕಾರದ ಕಲ್ಲಿನ ಚಿಮಣಿ ಬಯಲಿನ ನಡುವೆ ಒಂಟಿಯಾಗಿ ನಿಂತಿದೆ. ಈ ನಿಲುಗಡೆಯಲ್ಲಿ ನನಗೆ ನಿರಾಸೆಯಾಯಿತು. ಚಿಮಣಿ ಎಷ್ಟು ಹಳೆಯದು, ಎಷ್ಟು ಎತ್ತರ ಎಂಬುದನ್ನು ಹೇಳಿದ ಮಾರ್ಗದರ್ಶಿ, ಕರಗಿಸುವ ವಿಧಾನ ಬದಲಾದಂತೆಲ್ಲ ವ್ಯಾಪಾರ ಯಾರ ಕೈಗೆ ಹೋಯಿತು ಎಂಬುದನ್ನು ಹೇಳಲಿಲ್ಲ. ಪ್ರವಾಸದ ವಿಷಯವೇ ವ್ಯವಹಾರವಾಗಿರುವಾಗ ಇದು ಸಣ್ಣ ಲೋಪವಲ್ಲ. 16ನೆಯ ಶತಮಾನದ ಮಧ್ಯದವರೆಗೆ ಅದಿರನ್ನು ಗಾಳಿ ಬೀಸುವ ಗುಡ್ಡದ ನೆತ್ತಿಯಲ್ಲಿ ಕಟ್ಟಿಗೆಯ ರಾಶಿಯ ಮೇಲೆ ಕರಗಿಸುತ್ತಿದ್ದರು. ಅದಕ್ಕೆ ದೊಡ್ಡ ಗಟ್ಟಿಗಳೇ ಬೇಕು, ಪುಡಿ ಅದಿರು ವ್ಯರ್ಥ. ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿದ್ದ ವಿಲಿಯಂ ಹಮ್‌ಫ್ರಿ, ನೀರಿನ ಚಕ್ರದಿಂದ ತಿದಿ ಒತ್ತುವ ಕುಲುಮೆಗೂ ನೀರಿನಲ್ಲಿ ಅದ್ದಿ ಅದಿರು ಜಾಲಿಸುವ ಜರಡಿಗೂ ತನ್ನದೇ ಏಕಸ್ವಾಮ್ಯವೆಂದು 1560ರ ದಶಕದಲ್ಲಿ ಸನ್ನದು ಪಡೆದು ಬಂದ. ಈ ಎರಡು ಸಾಧನಗಳಿಂದ ಹಳಬರು ಬಿಸಾಡಿದ್ದ ಗಣಿಕಸವೂ ಹಣವಾಗುವಂತಾಯಿತು. ಶ್ರೂಸ್‌ಬರಿಯ ಅರ್ಲ್ ಜಾರ್ಜ್ ಟಾಲ್ಬಟ್‌ನಂಥ ಸ್ಥಳೀಯ ಧನಿಕರು ಸುಮ್ಮನಿರುತ್ತಾರೆಯೇ? ತಾವೂ ಅಂಥದೇ ಕುಲುಮೆಗಳನ್ನು ಹೂಡಿದರು, ಮೊಕದ್ದಮೆಗಳು ಬೆಳೆದವು, ಹಮ್‌ಫ್ರಿಯ ಏಕಸ್ವಾಮ್ಯ ಕೊನೆಗೂ ಉಳಿಯಲಿಲ್ಲ. ಗುಡ್ಡದ ಬೆಂಕಿಯನ್ನು ಯಾರಾದರೂ ಹೊತ್ತಿಸಬಹುದು, ಆದರೆ ನೀರಿನ ಚಕ್ರದ ಕುಲುಮೆಗೆ ಹೊಳೆಯ ಮೇಲಿನ ಹಕ್ಕು, ಕಾಡು ಮತ್ತು ಬಂಡವಾಳ ಮೂರೂ ಬೇಕು; ಆದ್ದರಿಂದ ಕರಗಿಸುವ ಕೆಲಸವು ಭೂಮಾಲೀಕರ ಮತ್ತು ದೊಡ್ಡ ವರ್ತಕರ ಕೈ ಸೇರಿತು. ಮುಂದೆ 1692ರಲ್ಲಿ ಸನ್ನದು ಪಡೆದ, ಕ್ವೇಕರ್ ಪಂಥದ ವ್ಯಾಪಾರಿಗಳ ಹಿಡಿತದಲ್ಲಿದ್ದ ಲಂಡನ್ ಲೆಡ್ ಕಂಪನಿಯು ಕಲ್ಲಿದ್ದಲಿನಿಂದ ಉರಿಯುವ ಕ್ಯೂಪೋಲಾ ಕುಲುಮೆಯನ್ನು 1730ರ ದಶಕದಲ್ಲಿ ಇದೇ ಆಶೋವರ್ ಪ್ರದೇಶಕ್ಕೆ ತಂದಿತು. ನಾವು ಕತ್ತೆತ್ತಿ ನೋಡುತ್ತಿದ್ದ ಚಿಮಣಿ ಆ ಕಥೆಯ ಮುಂದಿನ ಅಧ್ಯಾಯ. ಇಷ್ಟನ್ನು ಐದು ನಿಮಿಷದಲ್ಲಿ ಹೇಳಬಹುದಿತ್ತು. ಆ ಐದು ನಿಮಿಷ ಫೋಟೋ ತೆಗೆಯುವುದಕ್ಕೆ ಹೋಯಿತು.

ಊಟದ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಬಾಟ್ರಿಗೆ ತಲುಪಿದೆವು. ಗಣಿಯಿಂದ ಇಲ್ಲಿಗೆ ಸುಮಾರು 40 ಮೈಲಿ. ಡರ್ವೆಂಟ್ ನದಿಯಲ್ಲಿ ಸರಕಿನ ದೋಣಿ ನಡೆಸುವ ಅನುಕೂಲ ಇಲ್ಲದಿದ್ದ ಕಾಲದಲ್ಲಿ, ಅಚ್ಚಿಗೆ ಹೊಯ್ದ ಸೀಸದ ಗಟ್ಟಿಗಳನ್ನು ಕುದುರೆಗಳ ಮೇಲೂ ಗಾಡಿಗಳಲ್ಲೂ ಹೇರಿ ಈ ಊರಿಗೆ ತರುತ್ತಿದ್ದರು. ಇಲ್ಲಿಂದ ಐಡಲ್ ನದಿಯಲ್ಲಿ ದೋಣಿ, ಮುಂದೆ ಟ್ರೆಂಟ್ ನದಿ, ಆಮೇಲೆ ಹಲ್ ಬಂದರು, ಅಲ್ಲಿಂದ ಲಂಡನ್ ಅಥವಾ ಆಮ್‌ಸ್ಟರ್‌ಡ್ಯಾಮ್. 1777ರಲ್ಲಿ ಚೆಸ್ಟರ್‌ಫೀಲ್ಡ್ ಕಾಲುವೆ ತೆರೆದ ಮೇಲೆ ಸರಕು ಆ ದಾರಿ ಹಿಡಿಯಿತು, ಬಾಟ್ರಿ ಬರಿದಾಯಿತು. ಈಗ ಅಲ್ಲಿ ನೋಡಲು ಏನೂ ಇಲ್ಲ ಎಂದರೆ ಅತಿಶಯೋಕ್ತಿಯಲ್ಲ. ನದಿಯ ಹರಿವೇ ಬದಲಾಗಿದೆ, ಕಟ್ಟೆಯ ನೆನಪಿಗೆ ವಾರ್ಫ್ ಸ್ಟ್ರೀಟ್ ಎಂಬ ಬೀದಿಯ ಹೆಸರೊಂದು ಉಳಿದಿದೆ. ಗುಂಪಿನಲ್ಲಿ ಇಬ್ಬರು ವ್ಯಾನಿನಿಂದ ಇಳಿಯಲೇ ಇಲ್ಲ. ಆದರೆ ಕೊಟ್ಟ ಹಣ ಸಾರ್ಥಕವಾಯಿತು ಎಂದು ನನಗೆ ಅನಿಸಿದ್ದು ಇದೇ ಬರಿ ಬೀದಿಯಲ್ಲಿ.

ಮಾರ್ಗದರ್ಶಿ ನಮ್ಮ ಕೈಗೆ ಒಂದೊಂದು ಹಾಳೆ ಕೊಟ್ಟು ಲೆಕ್ಕ ಮಾಡಲು ಹೇಳಿದ. ಸೀಸವನ್ನು ಮಾರುತ್ತಿದ್ದ ತೂಕದ ಹೆಸರು 'ಫಾದರ್'. 112 ಪೌಂಡು ತೂಕ ಒಂದು ಹಂಡ್ರೆಡ್‌ವೆಯ್ಟ್. ಡರ್ಬಿಶೈರ್‌ನ ಕುಲುಮೆಯ ಬಾಗಿಲಲ್ಲಿ ಒಂದು ಫಾದರ್ ಎಂದರೆ 22½ ಹಂಡ್ರೆಡ್‌ವೆಯ್ಟ್, ಲಂಡನ್ನಿನಲ್ಲಿ 19½. ಹಾಗಾದರೆ ಕುಲುಮೆಯಲ್ಲಿ 13 ಫಾದರ್ ಕೊಂಡ ವರ್ತಕನ ಬಳಿ ಲಂಡನ್ ತಲುಪಿದಾಗ ಎಷ್ಟು ಫಾದರ್ ಇರುತ್ತದೆ? ಗುಣಿಸಿ ಭಾಗಿಸಿದರೆ ಸರಿಯಾಗಿ 15. "ನೋಡಿದಿರಾ, ದಾರಿಯಲ್ಲೇ ಎರಡು ಫಾದರ್ ಹುಟ್ಟಿಕೊಂಡಿತು, ವರ್ತಕರ ಮೋಸ ಹೀಗಿತ್ತು" ಎಂದು ಆತ ನಕ್ಕ. ಲೆಕ್ಕ ಚೆನ್ನಾಗಿದೆ, ತೀರ್ಮಾನ ತಪ್ಪು. ಎರಡೂ ತೂಕಗಳು ಕೊಳ್ಳುವವನಿಗೂ ಮಾರುವವನಿಗೂ ತಿಳಿದಿದ್ದವು, ಬೆಲೆಯನ್ನೂ ಆಯಾ ಊರಿನ ಫಾದರ್‌ಗೇ ಕಟ್ಟುತ್ತಿದ್ದರು. ಎಲ್ಲರಿಗೂ ಗೊತ್ತಿರುವ ವ್ಯತ್ಯಾಸದಲ್ಲಿ ಮೋಸಕ್ಕೆ ಎಡೆ ಕಡಿಮೆ. ಅನುಭವವಿಲ್ಲದ ಹೊಸಬ ಮುಗ್ಗರಿಸಿರಬಹುದು, ಅಷ್ಟೇ.

ನನ್ನ ಪ್ರಕಾರ ಲಾಭದ ಗುಟ್ಟು ಬೇರೆ ಕಡೆಯಿದೆ, ಅದರ ಎರಡು ತುದಿಗಳನ್ನೂ ಈ ಪ್ರವಾಸ ತೋರಿಸುತ್ತದೆ, ಆದರೆ ಗಂಟು ಹಾಕುವುದಿಲ್ಲ. ಬೆಳಿಗ್ಗೆ ನೋಡಿದ ಡಿಶ್ ಗಾತ್ರದ ಅಳತೆ, ಮಧ್ಯಾಹ್ನ ಲೆಕ್ಕ ಹಾಕಿದ ಫಾದರ್ ತೂಕದ ಅಳತೆ. ಅದಿರನ್ನು ಕೊಳಗದಲ್ಲಿ ಕೊಂಡು ಸೀಸವನ್ನು ತಕ್ಕಡಿಯಲ್ಲಿ ಮಾರುವವನಿಗೆ, ಒಂದು ಕೊಳಗ ಅದಿರಿನಿಂದ ಎಷ್ಟು ಸೀಸ ಇಳಿಯುತ್ತದೆ ಎಂಬ ಅಂದಾಜೇ ಬಂಡವಾಳ. ಅದಿರಿನಲ್ಲಿ ಕಲ್ಲುಪುಡಿ ಉಳಿದಿದ್ದರೆ ಡಿಶ್ ತುಂಬುತ್ತದೆ, ಕುಲುಮೆ ತುಂಬುವುದಿಲ್ಲ. ಚೆನ್ನಾಗಿ ತೊಳೆದು ಜಾಲಿಸಿದ ಅದಿರಾದರೆ ಅದೇ ಡಿಶ್ ಹೆಚ್ಚು ಸೀಸ ಕೊಡುತ್ತದೆ. ಕೈಯಲ್ಲಿ ಎತ್ತಿ ನೋಡಿ ಇದನ್ನು ಹೇಳಬಲ್ಲ ವರ್ತಕ ಉಳಿದ, ಹೇಳಲಾರದವನು ಕೈಸುಟ್ಟುಕೊಂಡ. ಸರಪಳಿಯಲ್ಲಿ ತೂಗಿದ ಪಾತ್ರೆಯು ಗಣಿಗಾರನಿಗೆ ಗಾತ್ರದಲ್ಲಿ ನ್ಯಾಯ ಕೊಟ್ಟಿತು. ಆ ಗಾತ್ರದೊಳಗಿನ ಸೀಸದ ಬೆಲೆ ಕಟ್ಟುವ ವಿದ್ಯೆ ಕೊಳ್ಳುವವನ ಬಳಿಯೇ ಉಳಿಯಿತು.

ಇನ್ನೊಂದು ಸಂಗತಿ ಕಾಲಾವಕಾಶದ್ದು. ಗಣಿಗಾರನಿಗೆ ಮೇಣದಬತ್ತಿ, ಹಗ್ಗ, ಹಿಟ್ಟು ಇವತ್ತೇ ಬೇಕು. ಸೀಸ ಗುಡ್ಡ ಇಳಿದು, ನದಿ ದಾಟಿ, ಹಡಗು ಏರಿ, ಮಾರಾಟವಾಗಿ ಹಣವಾಗುವುದು ಎಷ್ಟೋ ಕಾಲದ ನಂತರ. ಈ ನಡುವಿನ ಅವಧಿಯನ್ನು ತುಂಬಿದವನು ವರ್ತಕ. ಆತ ಮುಂಗಡ ಕೊಟ್ಟ, ಲಂಡನ್ನಿನ ತನ್ನ ದಳ್ಳಾಳಿಯ ಮೇಲೆ ಹುಂಡಿ ಬರೆದು ಊರಿನಲ್ಲೇ ನಗದು ಎತ್ತಿದ, ಸಾಲ ತೀರದಿದ್ದಾಗ ಗಣಿಯಲ್ಲಿ ಪಾಲು ಪಡೆದ. ಗಣಿಯ ಒಡೆತನವನ್ನು 24 ಭಾಗ ಮಾಡಿ, ಆ ಭಾಗಗಳನ್ನೂ ಮತ್ತೆ ಒಡೆದು ಮಾರುವ ರೂಢಿ ಇದ್ದುದರಿಂದ ಇದು ಸುಲಭವೂ ಆಗಿತ್ತು. ಗಣಿಗಳು ಆಳವಾಗಿ ನೀರು ನುಗ್ಗತೊಡಗಿದ ಮೇಲಂತೂ ಒಬ್ಬ ಗಣಿಗಾರನ ಜೇಬಿಗೆ ಏನೂ ನಿಲುಕದಂತಾಯಿತು. ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮಾಯ್ಡನ್ ವರ್ಕ್ಸ್‌ವರ್ತ್ ಬಳಿಯ ಡವ್‌ಗ್ಯಾಂಗ್ ಗಣಿಯ ನೀರು ಬಸಿಯಲು ತೋಡಿಸಿದ ಸುರಂಗ ಮುಗಿದದ್ದು 1651ರಲ್ಲಿ, ಸುಮಾರು ಎರಡು ದಶಕಗಳ ಕೆಲಸದ ನಂತರ. ಅಂಥ ಸುರಂಗ ತೋಡಿಸಿದವರಿಗೆ ಒಣಗಿದ ಗಣಿಯ ಅದಿರಿನಲ್ಲಿ ಪಾಲು ಸಿಗುತ್ತಿತ್ತು. ಯಾರು ಬೇಕಾದರೂ ಅಗೆಯಬಹುದು ಎಂಬ ಹಳೆಯ ಕಟ್ಟಳೆ ಪುಸ್ತಕದಲ್ಲಿ ಹಾಗೆಯೇ ಇರುತ್ತಾ, ಗಣಿಯ ಆದಾಯ ಬೇರೆಯವರದಾದದ್ದು ಹೀಗೆ. ಮಾರ್ಗದರ್ಶಿ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ.

ದೂರುಗಳಲ್ಲಿ ಇನ್ನೆರಡು. 1536ರಿಂದ 1540ರ ನಡುವೆ ಮಠಗಳನ್ನು ಮುಚ್ಚಿಸಿ ಅವುಗಳ ಚಾವಣಿಯ ಸೀಸವನ್ನೆಲ್ಲ ಕಿತ್ತು ಮಾರುಕಟ್ಟೆಗೆ ಸುರಿದದ್ದರಿಂದ ಗಣಿಗಾರಿಕೆಯೇ ಮಂಕಾಯಿತು. ಇಷ್ಟು ದೊಡ್ಡ ಘಟನೆಯ ಪ್ರಸ್ತಾಪವೇ ಇಲ್ಲ. ಹಾಗೆಯೇ, ಈಸ್ಟ್ ಇಂಡಿಯಾ ಕಂಪನಿ 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೀಸವನ್ನು ಸೂರತ್‌ಗೆ ಒಯ್ದು ಮಾರುತ್ತಿತ್ತು ಎಂಬುದನ್ನು ನಾನೇ ಕೇಳಿದ ಮೇಲೆ ಆತ ಒಪ್ಪಿಕೊಂಡ, ಹಾಳೆಯ ಭೂಪಟದಲ್ಲಿ ಮಾತ್ರ ದಾರಿ ಆಮ್‌ಸ್ಟರ್‌ಡ್ಯಾಮ್‌ಗೇ ನಿಂತಿದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಸುರಂಗದೊಳಗೆ ಹೋಗಬೇಕೆನ್ನುವವರಿಗೆ ಇದು ತಕ್ಕ ಪ್ರವಾಸವಲ್ಲ. ಅಂಥವರು ಮ್ಯಾಟ್ಲಾಕ್ ಬಾತ್‌ನ ಗಣಿ ವಸ್ತುಸಂಗ್ರಹಾಲಯಕ್ಕೆ ಹೋಗಿ, 1819ರಲ್ಲಿ ಕಟ್ಟಿದ ನೀರಿನ ಒತ್ತಡದ ಯಂತ್ರವನ್ನು ನೋಡುವುದು ಒಳ್ಳೆಯದು. ಬೇಸಿಗೆಯಲ್ಲಿ ಹೋದರೂ ಸ್ಟೋನ್ ಎಡ್ಜ್‌ನ ಗಾಳಿಗೆ ಒಂದು ದಪ್ಪ ಅಂಗಿ ಇರಲಿ, ಬಾಟ್ರಿಯಲ್ಲಿ ವ್ಯಾನಿನಿಂದ ತಪ್ಪದೆ ಇಳಿಯಿರಿ, ಲೆಕ್ಕಕ್ಕೆ ಪೆನ್ಸಿಲನ್ನು ನೀವೇ ಒಯ್ಯಿರಿ. ಎಂಟು ಮಂದಿಗೆ ಅವರ ಬಳಿ ಇದ್ದದ್ದು ಎರಡೇ.